ಬ್ಯಾರನ್ ಮುಂದೆ ಸ್ಪ್ಯಾನಿಷ್

ಬೆಟ್ಟದಪುರದ ಹತ್ತಿರ ನಮ್ಮ ಜಮೀನಿನಲ್ಲಿ ನೆಟ್‌ವರ್ಕ್ ಸಿಗುವುದು ಬ್ಯಾರನ್ ಪಕ್ಕ ಮಾತ್ರ. ಹೊಗೆಸೊಪ್ಪು ಬೇಯಿಸುವ ಆ ಮನೆಯ ಸುತ್ತ ನಡೆಯುತ್ತ ಅವತ್ತು ಬೆಳಗ್ಗೆ ಸ್ಪ್ಯಾನಿಷ್ ಉರು ಹೊಡೆಯುತ್ತಿದ್ದೆ. ಮಧ್ಯಾಹ್ನ ಸ್ಪ್ಯಾನಿಷ್ ಕಲಿಸುವ ಮೈಸೂರಿನ ಮೇಡಂ ವಿಡಿಯೋ ಕಾಲ್‌ನಲ್ಲಿ ಬಾಯಿಪರೀಕ್ಷೆ ಮಾಡುವವರಿದ್ದರು. ಪಾಸಾದರೆ ಮುಂದಿನ ಕೋರ್ಸು. ಫೇಲಾದರೆ ಓದು ಬಿಡಿಸಿ ಮದುವೆ ಎಂದು ಅಪ್ಪ ಹೇಳಿಯಾಗಿತ್ತು. ಆಬ್ಲೊ, ಆಬ್ಲಾಸ್, ಆಬ್ಲಾ: ಮಾತಾಡುತ್ತೇನೆ, ಮಾತಾಡುತ್ತೀಯ, ಮಾತಾಡುತ್ತಾನೆ. ಬರೆಯುವಾಗ ಮೊದಲಿಗೆ ಹಕಾರ ಇದೆ, ಅನ್ನುವಾಗ ಇಲ್ಲ. ಹಳ್ಳಿಯನ್ನು ಅಳ್ಳಿ ಅನ್ನುವ ನಮಗೆ ಅದೇನು ಕಷ್ಟ?

ಅವತ್ತೇ ಕಾವು ಹೆಚ್ಚಾಗಿ ಒಳಗಿನ ಸೊಪ್ಪು ಕಪ್ಪಾಯಿತು. ಒಲೆಗೆ ಸೌದೆ ತುರುಕಿ ಮಲಗಿದವನು ಚಿಕ್ಕಪ್ಪ. ಎದ್ದು ಬಾಗಿಲು ತೆಗೆದಾಗ ಕಣ್ಣಿಗೆ ಬಿದ್ದವಳು ನಾನು.

"ಬ್ಯಾರನ್ ಸುತ್ಕಂಡು ಏನೇ ಒದರ್ತಿದ್ದೆ? ನನ್ ಸೊಪ್ಗೆ ಮಾಟ ಮಾಡ್ದೇನೇ?" ಎಂದು ಜಡೆ ಹಿಡಿದು ಕೆಡವಿದ. ಸೊಪ್ಪು ಕಟ್ಟುವ ಕೋಲಿನಲ್ಲಿ ಬೆನ್ನಿಗೆ, ತೊಡೆಗೆ, ಬಾಯಿಗೆ ಬಾರಿಸಿದ. ತುಟಿ ಒಡೆಯಿತು. ಅಪ್ಪ ನೋಡುತ್ತ ನಿಂತಿದ್ದ. ಏಟಿಗಿಂತ ಅದಕ್ಕೇ ನನಗೆ ಉರಿದುಹೋಯಿತು.

"ಪಾಠ ಕಣ ಚಿಕ್ಕಪ್ಪ, ಪರೀಕ್ಷೆಗೆ."

"ಆಕಿದ್ನ ನೀನೇ ತೆಗೀಬೇಕು. ಉಲ್ಟಾ ಏಳೇ."

ಮಾಟ ಮಾಡಿದವರ ಬಾಯಿಂದಲೇ ಮಂತ್ರವನ್ನು ಹಿಂದುಮುಂದಾಗಿ ಹೇಳಿಸಿದರೆ ಬಿಟ್ಟುಹೋಗುತ್ತದೆ ಎಂದು ನಮ್ಮ ಮನೆಯವರ ನಂಬಿಕೆ. ಆಬ್ಲಾನ್, ಆಬ್ಲಾಯಿಸ್, ಆಬ್ಲಾಮೊಸ್ ಎಂದು ಕೊನೆಯಿಂದ ಹೇಳುತ್ತ ಬಂದೆ. ತಡವರಿಸಿದರೆ ಏಟು. ವರ್ತಮಾನಕಾಲ ಮುಗಿಸಿ ನಿಲ್ಲಿಸಿದರೆ, "ಇನ್ನೂ ಐತೆ, ಮಲ್ಗಿದ್ರೂ ಬೆಳಗ್ಗಿಂದ ಕೇಳಿವ್ನಿ" ಎಂದು ಭೂತ, ಭವಿಷ್ಯತ್ತು ಎಲ್ಲವನ್ನೂ ಉಲ್ಟಾ ಹೇಳಿಸಿದ. ರಕ್ತ ನುಂಗಿಕೊಂಡು ಹೇಳಿದೆ. ಯಾವ ಕ್ಲಾಸಿನಲ್ಲೂ ಪಾಠ ಅಷ್ಟು ಗಟ್ಟಿಯಾಗಿ ತಲೆಗೆ ಹತ್ತಿರಲಿಲ್ಲ. ಮಹಾರಾಯ ಸಮಾಧಾನವಾಗಿ ಉಣ್ಣಲು ಹೋದ.

ಮಧ್ಯಾಹ್ನ ಮುಖ ತೊಳೆದು, ಫೋನನ್ನು ಕಲ್ಲಿಗೆ ಒರಗಿಸಿ ಬ್ಯಾರನ್ ಪಕ್ಕದಲ್ಲೇ ಕೂತೆ. ಊದಿದ ತುಟಿಯಲ್ಲೇ ಮೇಡಂ ಕೇಳಿದ್ದಕ್ಕೆಲ್ಲ ಹೇಳುತ್ತ ಹೋದೆ. ಭವಿಷ್ಯತ್ತಿನ ನಡುವೆ ಇದ್ದಾಗ ಚಿಕ್ಕಪ್ಪ ಓಡಿ ಬಂದ.

"ತೆಗ್ದಿದ್ನ ಮತ್ತೆ ಆಕ್ತಿದ್ದೀಯೇನೇ?"

ಎತ್ತಿದ ಕೋಲನ್ನು ಎರಡೂ ಕೈಯಲ್ಲಿ ಕಿತ್ತುಕೊಂಡು ಅವನ ಮೊಣಕೈಗೆ ಬಿಟ್ಟೆ. ಲಟಕ್ ಅಂದಿತು. ಇನ್ನೊಂದು ಏಟು ಮೊಣಕಾಲಿಗೆ. ಕುಸಿದು ಕೂತು ಕಿರುಚತೊಡಗಿದ. ನನಗೆ ಖುಷಿಯಾಯಿತು. ಅದನ್ನು ಯಾಕೆ ಮುಚ್ಚಿಡಲಿ?

ಪರದೆಯಲ್ಲಿ ಮೇಡಂ ಮುಖ ಬಿಳಿಚಿಕೊಂಡಿತ್ತು. "ಇನ್ನೊಂದು ದಿನ ಇಟ್ಕೊಳ್ಳೋಣವೇನಮ್ಮ?" ಅಂದರು.

"ಬೇಡ ಮೇಡಂ, ಸಬ್‌ಜಂಕ್ಟಿವ್ ರೂಪಗಳು ಬಾಕಿ ಇವೆ" ಎಂದು, ಕೋಲು ಕೆಳಗಿಡದೆ ಶುರು ಮಾಡಿದೆ.