ಮಹಡಿಯ ಮೇಲಿನ ಪಿಯಾನೋ

ಬೀದಿಯವರೆಲ್ಲ ಆ ದರ್ಜಿಯನ್ನು ಒಂದಿಂಚು ಎಂದೇ ಕರೆಯುವುದು. ಯಾರ ಬಟ್ಟೆಯೇ ಇರಲಿ, ಅಳತೆಗಿಂತ ಒಂದಿಂಚು ಹೆಚ್ಚಿಗೆ ಒಳಗೆ ಮಡಿಸಿ ಹೊಲಿಯದಿದ್ದರೆ ಅವನಿಗೆ ಕೈ ಓಡದು. ಗಿರಾಕಿ ಮುಖ ಸಿಂಡರಿಸಿದರೆ, ಇರಲಿ ಬಿಡಿ, ಮುಂದಕ್ಕೆ ಬೇಕಾಗುತ್ತದೆ ಎನ್ನುತ್ತಾನೆ. ಕಡ್ಡಿಯಂತಿದ್ದ ಮದುಮಗ ಎರಡು ಮಕ್ಕಳ ತಂದೆಯಾಗಿ, ಹೊಟ್ಟೆ ಹೊತ್ತುಕೊಂಡು, ಮದುವೆಯ ಕೋಟನ್ನೇ ಹಿಡಿದು ಮತ್ತೆ ಬಂದಾಗ ಒಂದಿಂಚು ತುಟಿ ಪಿಟಕ್ಕೆನ್ನದೆ ಹೊಲಿಗೆ ಬಿಚ್ಚಿ ಒಳಗಿನ ಬಟ್ಟೆಯನ್ನು ಹೊರಕ್ಕೆ ಬಿಡುತ್ತಾನೆ. ಮುಖದಲ್ಲಿ ಮಾತ್ರ ಗೆದ್ದವನ ನಗು ಇರುತ್ತದೆ.

ಅಂಗಡಿ ಕೆಳಗೆ, ಮನೆ ಮೇಲೆ. ನಡುವೆ ಇರುವುದು ಬರೀ ಮರದ ಹಲಗೆ. ಅಂಗಡಿಗೆ ಅದು ಸೂರು, ಮನೆಗೆ ಅದೇ ನೆಲ. ಮೇಲೆ ಹೆಂಡತಿ ಚಾಪೆ ಕೊಡವಿದರೆ ಕೆಳಗೆ ಕತ್ತರಿಸಿಟ್ಟ ಬಟ್ಟೆಯ ಮೇಲೆ ನವಿರಾಗಿ ಧೂಳು ಇಳಿಯುತ್ತದೆ. ಕೆಳಗೆ ಅವನು ಇಸ್ತ್ರಿಪೆಟ್ಟಿಗೆ ಬಿಸಿ ಮಾಡಿದರೆ ಮೇಲೆ ತನ್ನ ಅಂಗಾಲು ಬೆಚ್ಚಗಾಗುತ್ತದೆ ಎಂದು ಅವಳು ಹೇಳುತ್ತಾಳೆ. ನಂಬುವವರು ನಂಬಬಹುದು.

ಆ ಮೇಲಿನ ಕೋಣೆ ಒಂದು ಕಾಲದಲ್ಲಿ ಸಂಗೀತಶಾಲೆಯಾಗಿತ್ತು. ವಯಸ್ಸಾದ ಟೀಚರೊಬ್ಬರು ಅಲ್ಲಿ ಮಕ್ಕಳಿಗೆ ಪಿಯಾನೋ ಕಲಿಸುತ್ತಿದ್ದರು. ಮಕ್ಕಳು ಹೊರಟುಹೋದ ಮೇಲೆ ಕೋಣೆ ಗುಡಿಸಲು ಒಬ್ಬಳು ಹುಡುಗಿ ಬರುತ್ತಿದ್ದಳು. ಗುಡಿಸಿ ಮುಗಿದ ಮೇಲೆ ಪಿಯಾನೋ ಮುಟ್ಟಬಹುದು ಎಂದು ಟೀಚರು ಅವಳಿಗೆ ಅಪ್ಪಣೆ ಕೊಟ್ಟಿದ್ದರು, ಒಂದೇ ಒಂದು ಪುಟ್ಟ ರಾಗವನ್ನೂ ಕಲಿಸಿದ್ದರು. ಹೊತ್ತು ಇಳಿಯುವ ವೇಳೆಗೆ ಆ ರಾಗ ಹಲಗೆಯೊಳಗಿಂದ ಇಳಿದು ಬರುತ್ತಿತ್ತು. ಕೆಳಗೆ ಹೊಸದಾಗಿ ಅಂಗಡಿ ಹಾಕಿದ್ದ ಒಂದಿಂಚು ಕಾಲಿನಿಂದ ಮಿಷನ್ ತುಳಿಯುತ್ತ ಕೇಳುತ್ತಿದ್ದ. ನಡುವೆ ಒಂದು ಕಡೆ, ಏರುತ್ತಿದ್ದ ಸ್ವರಗಳು ಇನ್ನೇನು ತುದಿ ಮುಟ್ಟಬೇಕು ಎನ್ನುವಾಗ, ಹುಡುಗಿ ದಿನವೂ ತಪ್ಪದೆ ನಿಂತುಬಿಡುತ್ತಿದ್ದಳು. ಪಾಪ, ಮರೆತಳು, ನೆನಪಾಗಲಿ ಎಂದು ಅವನ ಕಾಲೂ ತಾನಾಗಿ ನಿಲ್ಲುತ್ತಿತ್ತು. ಸೂಜಿ ಬಟ್ಟೆಯಲ್ಲಿ ನೆಟ್ಟಂತೆಯೇ ಇರುತ್ತಿತ್ತು. ಆಮೇಲೆ ರಾಗ ಮುಂದೆ ಹೋಗುತ್ತಿತ್ತು, ಮಿಷನ್ನೂ ಮುಂದೆ ಹೋಗುತ್ತಿತ್ತು. ಅವಳ ಮುಖ ಸರಿಯಾಗಿ ನೋಡುವ ಮೊದಲೇ ಅವಳ ಆ ತಪ್ಪಿನ ಮೇಲೆ ಅವನಿಗೆ ಪ್ರೀತಿ ಹುಟ್ಟಿತ್ತು.

ಮದುವೆಯಾಯಿತು. ಆದ ಮೇಲೂ ಅವಳು ಗುಡಿಸುವುದನ್ನು ಬಿಡಲಿಲ್ಲ, ಸಂಜೆಯ ರಾಗವನ್ನೂ ಬಿಡಲಿಲ್ಲ, ಆ ಜಾಗದಲ್ಲಿ ನಿಲ್ಲುವುದನ್ನಂತೂ ಬಿಡಲೇ ಇಲ್ಲ. ಇಷ್ಟು ವರ್ಷದಿಂದ ಒಂದೇ ಮೆಟ್ಟಿಲಿನ ಮೇಲೆ ಎಡವುವವಳನ್ನು ನೀವೆಲ್ಲಾದರೂ ಕಂಡಿದ್ದೀರಾ ಎಂದು ಅವನು ಬಂದವರೆದುರು ಚುಡಾಯಿಸುತ್ತಿದ್ದ. ಅವಳು ನಗುತ್ತಿದ್ದಳು, ಅಷ್ಟೇ. ಸಂಜೆ ಅಂಗಡಿಗೆ ಗಿರಾಕಿಗಳು ಮುಗಿಬೀಳುವ ಹೊತ್ತು. ಹಾಗಾಗಿ ಒಂದು ದಿನವೂ ಮೇಲೆ ಹೋಗಿ, ಎದುರಿಗೆ ಕೂತು ಕೇಳಲು ಅವನಿಗೆ ಬಿಡುವಾಗಲಿಲ್ಲ. ಪಿಯಾನೋವನ್ನು ಅವನು ಕಣ್ಣಾರೆ ನೋಡಿದ್ದು ಅದು ಹೊರಟ ದಿನ. ಟೀಚರಿಗೆ ಕೈಲಾಗದೆ ಶಾಲೆ ಮುಚ್ಚಿದಾಗ, ಮೆಟ್ಟಿಲಲ್ಲಿ ಹಿಡಿಸದ ಅದನ್ನು ಕಿಟಕಿಯ ಚೌಕಟ್ಟು ಬಿಚ್ಚಿ ಹಗ್ಗದಲ್ಲಿ ಇಳಿಸಿದರು. ಇಷ್ಟು ದೊಡ್ಡ ಪ್ರಾಣಿ ನನ್ನ ನೆತ್ತಿಯ ಮೇಲೆ ಕೂತಿತ್ತೇ ಎಂದು ಅವನು ಬೀದಿಯಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದ್ದ.

ಖಾಲಿ ಬಿದ್ದ ಕೋಣೆಗೆ ಗಂಡ ಹೆಂಡತಿ ಪುಟ್ಟ ಮಗಳನ್ನು ಕರೆದುಕೊಂಡು ಬಂದು ಸೇರಿದರು. ಕಿಟಕಿಯ ಪಕ್ಕ ನೆಲದಲ್ಲಿ ಪಿಯಾನೋದ ಕಾಲುಗಳು ಊರಿದ ಗುಳಿಗಳು ಉಳಿದಿದ್ದವು. ಅಲ್ಲಿ ಮಂಚ ಹಾಕಲು ಅವಳು ಬಿಡಲಿಲ್ಲ, ಬೀರು ಇಡಲೂ ಬಿಡಲಿಲ್ಲ. ಮಗಳು ಆ ಗುಳಿಗಳಲ್ಲಿ ಗೋಲಿ ಆಡಿ ದೊಡ್ಡವಳಾದಳು. ಕಿಟಕಿಯ ಬೆಳಕು ದಿನಾ ಮಧ್ಯಾಹ್ನ ಆ ಖಾಲಿ ಜಾಗಕ್ಕೆ ಬಂದು, ಯಾರನ್ನೋ ಕಾಯುವವರ ಹಾಗೆ ಸ್ವಲ್ಪ ಹೊತ್ತು ಕೂತು ಹೋಗುತ್ತಿತ್ತು.

ವರ್ಷಗಳು ಸರಿದಂತೆ ಅವಳ ಬೆರಳ ಗೆಣ್ಣುಗಳು ಊದಿಕೊಂಡವು. ಯಾರೋ ಪುಣ್ಯಾತ್ಮರು ತಮ್ಮ ಮನೆಯ ಕೀಬೋರ್ಡು ತಂದುಕೊಟ್ಟರು. ನಾಲ್ಕು ಕೀ ಒತ್ತುವಷ್ಟರಲ್ಲಿ ಅವಳ ಕಣ್ಣಲ್ಲಿ ನೀರು ಬಂತು. ನೋವಿಗೆ ಬಂತೋ ಮತ್ತೊಂದಕ್ಕೆ ಬಂತೋ ಅವನು ಕೇಳಲಿಲ್ಲ. ಕೀಬೋರ್ಡು ವಾಪಸ್ಸು ಹೋಯಿತು, ರಾಗದ ಮಾತು ಮನೆಯಲ್ಲಿ ನಿಂತುಹೋಯಿತು.

ಮತ್ತೆ ಆ ಮಾತು ಎದ್ದದ್ದು ಒಂದಿಂಚಿನ ಕಿವಿಯಿಂದಾಗಿ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯೂ ಅದರ ಹಿಂದೆಯೇ ಹೊರಟಿದೆ ಎಂದು ವೈದ್ಯರು ಹೇಳಿದರು. ಹೆಂಡತಿಗೆ ಹೇಳಿದರೆ ಕೊರಗುತ್ತಾಳೆ ಎಂದು ಅವನು ಮಗಳಿಗೆ ಮಾತ್ರ ಹೇಳಿದ. ಕೆಲಸದ ಬಗ್ಗೆ ಅವನಿಗೆ ಹೆದರಿಕೆಯಿರಲಿಲ್ಲ, ಅಳತೆ ತೆಗೆಯಲು ಕಿವಿ ಬೇಕಿಲ್ಲ. ಆದರೆ ಆ ರಾಗವನ್ನು ಇನ್ನೊಂದು ಸಲ ಕೇಳದೆ ಕಿವಿ ಮುಚ್ಚಿಹೋದರೆ? 

ಬೇರೆ ಮನೆ ಮಾಡಿಕೊಂಡಿದ್ದ ಮಗಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಯೋಚಿಸಿ ಯೋಚಿಸಿ ಒಂದು ಟ್ಯಾಬ್ ತಂದಳು. ಇದು ಗಾಜು, ಅಮ್ಮ ಒತ್ತಬೇಕಾಗಿಲ್ಲ, ಸೋಕಿದರೆ ಸಾಕು ಎಂದಳು. ಪಿಯಾನೋ ನುಡಿಸುವ ಆ್ಯಪುಗಳು ರಾಶಿ ರಾಶಿ ಇವೆ, ನಿಜವಾದ ಪಿಯಾನೋದಂತೆ ಕೇಳುವುದನ್ನು ಆರಿಸಿಕೊಂಡರಾಯಿತು ಎಂದಳು. ಅಮ್ಮ ಮೂಗು ಮುರಿದಳು, ಆದರೆ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಅವಳದು ಒಂದೇ ಷರತ್ತು.

"ನಿಮ್ಮಪ್ಪನಿಗೆ ಮೊದಲು ಒಪ್ಪಿಗೆ ಆಗ್ಲಿ. ಇದೇ ಪಿಯಾನೋ ಅಂತ ಅವರು ಹೇಳಿದ ದಿನ ಆ ರಾಗ ನುಡಿಸ್ತೀನಿ."

ಅಲ್ಲಿಂದ ಶುರುವಾಯಿತು ನೋಡಿ ಹೆಣ್ಣು ನೋಡುವ ಶಾಸ್ತ್ರಕ್ಕಿಂತ ದೊಡ್ಡ ಶಾಸ್ತ್ರ. ಭಾನುವಾರ ಬಂತೆಂದರೆ ಊಟದ ಮೇಜಿನ ಮೇಲೆ ಮಡಿಸಿದ ಟವೆಲ್ಲು, ಅದರ ಮೇಲೆ ಟ್ಯಾಬು, ಎದುರಿಗೆ ಒಂದಿಂಚು. ಮಗಳು ತನ್ನ ಅಂಗಡಿಯ ಅಭ್ಯಾಸವನ್ನು ಮನೆಗೂ ತಂದಿದ್ದಳು. ಗಾಜು ಬದಲಿಸಿ ಬದಲಿಸಿ ಅಕ್ಷರ ತೋರಿಸುವಂತೆ, ಅಪ್ಪಾ ಇದು ಚೆನ್ನಾಗಿದೆಯೋ ಇದೋ, ಈಗ ಹೇಳು, ಇದೋ ಇದೋ ಎಂದು ಆ್ಯಪು ಬದಲಿಸಿ ಕೇಳಿಸುವಳು. ಅಮ್ಮ ಒಂದೊಂದರಲ್ಲೂ ನಾಲ್ಕು ಸ್ವರ ಸೋಕಿಸಿ ಕೈ ಕಟ್ಟಿ ಕೂರುವಳು.

ಮೊದಲನೆಯದು ನಾಲ್ಕು ಸ್ವರಕ್ಕೊಮ್ಮೆ ನಿಂತು ಸೋಪು ಮಾರುತ್ತಿತ್ತು. ಅದನ್ನು ಎಲ್ಲರೂ ಸೇರಿ ಓಡಿಸಿದರು. ಇನ್ನೊಂದು ಸ್ಟೀಲ್ ಲೋಟಕ್ಕೆ ಚಮಚ ಬಡಿದ ಹಾಗಿತ್ತು. ಮತ್ತೊಂದರಲ್ಲಿ ಉದ್ದನೆಯ ಒಂದು ಪಿಯಾನೋದ ಪ್ರತಿ ಕೀಯನ್ನೂ ಬೇರೆ ಬೇರೆಯಾಗಿ ಧ್ವನಿಮುದ್ರಿಸಿದ್ದರಂತೆ. ಅದರಲ್ಲಿ ಮೆಲ್ಲಗೆ ಸೋಕಿದರೆ ಮೆಲ್ಲಗೆ, ತುಸು ತಟ್ಟಿದರೆ ಜೋರಾಗಿ ಕೇಳುತ್ತಿತ್ತು. ಒಳಗಿನ ಸುತ್ತಿಗೆ ತಂತಿಗೆ ತಾಗುವ ಸದ್ದೂ ಇತ್ತು, ಪೆಡಲು ಕಿರುಗುಟ್ಟುವ ಸದ್ದೂ ಇತ್ತು. ಪಿಯಾನೋದ ಮುಚ್ಚಳ ತೆರೆದಿರಬೇಕೋ ಮುಚ್ಚಿರಬೇಕೋ, ನುಡಿಸುವ ಕೋಣೆ ದೊಡ್ಡದೋ ಚಿಕ್ಕದೋ, ಎಲ್ಲ ನಾವೇ ಹೇಳಬಹುದಿತ್ತು. ಅಮ್ಮನ ಕಣ್ಣು ಅರಳಿದ್ದನ್ನು ಮಗಳು ನೋಡಿದಳು. ಇಬ್ಬರೂ ಆಸೆಯಿಂದ ಒಂದಿಂಚಿನ ಕಡೆ ತಿರುಗಿದರು.

ಅವನು ಅಲ್ಲ ಎಂದು ತಲೆ ಅಲ್ಲಾಡಿಸಿದ.

ಮಗಳು ಅಡುಗೆಮನೆಗೆ ಕರೆದುಕೊಂಡು ಹೋಗಿ ಬಲಗಿವಿಯಲ್ಲಿ ಹೇಳಿದಳು: "ಅಪ್ಪಾ, ಸುಮ್ನೆ ಹೂಂ ಅನ್ನು. ನೀನು ಹೂಂ ಅಂದ್ರೆ ಅಮ್ಮ ನುಡಿಸ್ತಾಳೆ. ಮೊಸರಲ್ಲಿ ಕಲ್ಲು ಯಾಕೆ ಹುಡುಕ್ತೀಯ?"

ಅವನಿಗೆ ಮಾತ್ರ ಅದು ಸಾಧ್ಯವಾಗಲಿಲ್ಲ. ಭುಜ ಕೂರದ ಕೋಟನ್ನು ಚೆನ್ನಾಗಿದೆ ಎಂದು ಕೊಟ್ಟು ಕಳಿಸಿದವನಲ್ಲ ಅವನು. ಹಾಗಾದರೆ ನಿಜವಾದ ಪಿಯಾನೋ ಹೇಗೆ ಕೇಳುತ್ತದೆ, ನೀನೇ ಹೇಳು ಎಂದು ಮಗಳು ರೇಗಿದಳು. ಅವನು ಮಾತು ಹುಡುಕಿದ. ಅದಕ್ಕೆ ಅಂಚು ಇರಲಿಲ್ಲ ಎಂದ. ಎಲ್ಲ ಸ್ವರಗಳೂ ಕಂಬಳಿ ಹೊದ್ದುಕೊಂಡು ಬರುತ್ತಿದ್ದವು ಎಂದ. ನೆತ್ತಿಯ ಮೇಲೆ ಬಂದು ಕೂರುತ್ತಿತ್ತು ಎಂದ. ಮಗಳು ಆ್ಯಪಿನ ಮುಚ್ಚಳ ಮುಚ್ಚಿ ನೋಡಿದಳು, ಕೋಣೆ ಚಿಕ್ಕದು ಮಾಡಿ ನೋಡಿದಳು, ಕೊನೆಗೆ ಟ್ಯಾಬಿಗೇ ಕಂಬಳಿ ಹೊದಿಸಿ ನೋಡಿದಳು. ಊಹೂಂ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಮ್ಮಪ್ಪನಿಗೆ ಕೇಳೋಕಾಗದೆ ಪಿಯಾನೋನೇ ಸರಿಯಿಲ್ಲ ಎಂದು ಗೊಣಗಿಕೊಂಡು ಹೊರಟುಹೋದಳು. ಆಮೇಲೆ, ಅಂದದ್ದು ಎಂಥ ಮಾತು ಎಂದು ದಾರಿಯಲ್ಲೇ ಕಣ್ಣೊರೆಸಿಕೊಂಡಳು.

ನಿಜ ಹೇಳಬೇಕೆಂದರೆ ಒಂದಿಂಚಿಗೂ ಅದೇ ಅನುಮಾನ. ತಪ್ಪು ಆ್ಯಪಿನದಲ್ಲ, ಕಿವಿಯದೇ ಇರಬೇಕು. ಕೇಳಬೇಕಾದದ್ದು ಆಗಲೇ ಕೈಬಿಟ್ಟು ಹೋಗಿರಬೇಕು. ಆ ವಾರವಿಡೀ ಅವನು ಕಾಜಾ ಹಾಕಬೇಕಾದ ಕಡೆ ಗುಂಡಿ ಹಾಕಿದ. ಹೆಂಡತಿ ಚಹಾ ತಂದು ಅವನ ಬಲಕ್ಕೆ ನಿಂತು ಏನೇನೋ ಮಾತಾಡಿ ಹೋಗುತ್ತಿದ್ದಳು. ಇತ್ತೀಚೆಗೆ ಅವಳು ಯಾವಾಗಲೂ ಬಲಕ್ಕೇ ನಿಲ್ಲುತ್ತಾಳೆ ಎನ್ನುವುದು ಅವನ ಗಮನಕ್ಕೆ ಬಂದಿರಲಿಲ್ಲ.

ಮುಂದಿನ ಭಾನುವಾರ ಮಗಳು ಬರಲಿಲ್ಲ. ಊಟದ ಮೇಜಿನ ಮೇಲೆ ಗುಂಡಿ ಹಚ್ಚಬೇಕಾದ ಅಂಗಿಗಳ ರಾಶಿ ಬಿದ್ದಿತ್ತು. ಟ್ಯಾಬಿಗೆ ಜಾಗವಿಲ್ಲದೆ ಹೆಂಡತಿ ಅದನ್ನೆತ್ತಿಕೊಂಡು ಹೋಗಿ, ಕಿಟಕಿಯ ಪಕ್ಕ, ಆ ಗುಳಿಗಳ ನಡುವೆ ಬರಿಯ ಹಲಗೆಯ ಮೇಲೆ ಇಟ್ಟು, ಕಾಲು ಮಡಿಸಿ ಕೂತಳು. ಅವನು ದಾರದ ಉಂಡೆ ತರಲು ಕೆಳಗಿಳಿದ. ಬಾಗಿಲು ಮುಚ್ಚಿದ ಅಂಗಡಿಯೊಳಗೆ ಸಂಜೆಯ ಬೆಳಕು ಬಾಗಿಲ ಸಂದಿಯಿಂದ ಸಣ್ಣಗೆ ಬಿದ್ದಿತ್ತು. ತೂಗುಹಾಕಿದ ಅರ್ಧ ಹೊಲಿದ ಕೋಟುಗಳು ತೋಳಿಲ್ಲದೆ ನಿದ್ದೆ ಮಾಡುತ್ತಿದ್ದವು.

ದಾರಕ್ಕೆ ಕೈ ಹಾಕಿದಾಗ ಮೇಲಿನಿಂದ ಒಂದು ಸ್ವರ ಇಳಿಯಿತು. ಅಂಚಿಲ್ಲದ ಸ್ವರ. ಹಲಗೆಯ ಉದ್ದಕ್ಕೂ ಹರಡಿಕೊಂಡು, ಕಂಬಳಿ ಹೊದ್ದು, ಬಂದು ಅವನ ನೆತ್ತಿಯ ಮೇಲೆ ಕೂತಿತು. ಅದರ ಹಿಂದೆ ಮತ್ತೊಂದು ಬಂತು. ಒಂದಿಂಚು ದಾರದ ಉಂಡೆಯನ್ನು ಎದೆಗೆ ಒತ್ತಿಕೊಂಡು ನಿಂತ. ಇದೇ. ಇದೇ ಪಿಯಾನೋ. ತನ್ನ ಜನ್ಮದಲ್ಲಿ ತಾನು ಅದನ್ನು ಎದುರಿನಿಂದ ಒಮ್ಮೆಯೂ ಕೇಳಿರಲಿಲ್ಲ ಎನ್ನುವುದು ಆಗ ಹೊಳೆಯಿತು. ಬೆಪ್ಪುತಕ್ಕಡಿ, ಇಷ್ಟು ವಾರ ಮೇಜಿನ ಎದುರು ಕೂತು ಸೂರಿನಿಂದ ಇಳಿಯುವ ಸದ್ದನ್ನು ಹುಡುಕಿದ್ದ.

ಬಿಡಿ ಸ್ವರಗಳು ಸೇರಿಕೊಂಡವು. ರಾಗ ಶುರುವಾಯಿತು. ಅವಳು ಷರತ್ತು ಮುರಿದಿದ್ದಳು. ಬೆರಳು ಗಾಜಿನ ಮೇಲೆ ನೋವಿಲ್ಲದೆ ಓಡುತ್ತಿರಬೇಕು, ಸ್ವರಗಳು ಹಿಂದಿಗಿಂತ ಹಗುರವಾಗಿ ಏರುತ್ತಿದ್ದವು. ಏರಿದವು, ತುದಿಯ ಹತ್ತಿರ ಬಂದವು, ನಿಂತವು.

ಅವನು ನಗುತ್ತ ಕಾದ. ಮತ್ತೂ ಕಾದ. ರಾಗ ಮುಂದೆ ಹೋಗಲಿಲ್ಲ.

ನಗು ಆರಿತು. ಕಿವಿಯೇ ಹೋಯಿತೇ? ಈಗಲೇ, ಇಲ್ಲೇ, ರಾಗದ ನಡುವೆಯೇ? ಕತ್ತರಿ ತೆಗೆದು ಬಲಗಿವಿಯ ಬಳಿ ಕಚಕ್ಕೆನ್ನಿಸಿದ. ಕೇಳಿಸಿತು. ಉಸಿರು ಬಂತು. ಮೆಟ್ಟಿಲ ಬುಡಕ್ಕೆ ಹೋಗಿ ಕೂಗಿದ.

"ಯಾಕೆ ನಿಲ್ಲಿಸಿದೆ? ಮರೆತೆಯಾ?"

ಅವಳು ಮೆಟ್ಟಿಲ ತುದಿಗೆ ಬಂದು ನಿಂತಳು. "ರೀ, ನಿಮ್ಮ ಮಿಷನ್ ಎಲ್ಲಿ?"

ಅವನಿಗೆ ಅರ್ಥವಾಗಲಿಲ್ಲ. ಅವಳು ಎರಡು ಮೆಟ್ಟಿಲು ಇಳಿದು, ನಿಧಾನವಾಗಿ, ಬಿಡಿಸಿ ಹೇಳಿದಳು.

"ನಾನು ಅಲ್ಲಿ ಯಾವತ್ತೂ ಮರೆತವಳೇ ಅಲ್ಲ. ಬೇಕಂತಲೇ ನಿಲ್ಲಿಸ್ತಿದ್ದೆ. ನಾನು ನಿಲ್ಲಿಸಿದ್ರೆ ಕೆಳಗೆ ಮಿಷನ್ನೂ ನಿಲ್ತಿತ್ತು. ಓ, ಯಾರೋ ಕೇಳ್ತಿದ್ದಾರೆ ಅಂತ ಗೊತ್ತಾದ ಮೇಲೆ ಮುಂದೆ ನುಡಿಸ್ತಿದ್ದೆ. ಈಗ ನೀವು ಕೇಳ್ತಿದ್ದೀರೋ ಇಲ್ವೋ, ನನಗೆ ಹೇಗೆ ಗೊತ್ತಾಗಬೇಕು?"

ಒಂದಿಂಚು ಮೆಟ್ಟಿಲ ಮೇಲೆ ಕೂತ. ಇಷ್ಟು ವರ್ಷ ಊರೆದುರು ಆಡಿಕೊಂಡೆನಲ್ಲ, ಒಂದು ಮಾತು ಹೇಳಬಾರದಿತ್ತೇ ಎಂದ. ಆಡಿಕೊಂಡರೆ ನನಗೇನು ನಷ್ಟ, ಕೇಳಿದ್ದಕ್ಕೆ ತಾನೇ ಆಡಿಕೊಂಡದ್ದು ಎಂದಳು. ಅವನು ತಲೆ ತಗ್ಗಿಸಿ, ಕಿವಿಯ ವಿಷಯ ಹೇಳಲು ಬಾಯಿ ತೆರೆದ.

"ಗೊತ್ತು ಬಿಡಿ," ಎಂದಳು. "ಬಲಗಡೆ ನಿಂತೇ ಮಾತಾಡ್ತಿದ್ದೀನಲ್ಲ ಇಷ್ಟು ದಿನದಿಂದ."

ಅವನು ಅವಳ ಮುಖವನ್ನೇ ನೋಡಿದ. ಆಮೇಲೆ, ಇದು ಯಾವ ಆ್ಯಪು ಎಂದು ಕೇಳಿದ. ಆವತ್ತು ಮಗಳು ಅಷ್ಟು ಆಸೆಪಟ್ಟು ತೋರಿಸಿದಾಗ ನೀವು ಬೇಡ ಎಂದಿರಲ್ಲ, ಸುತ್ತಿಗೆ ಸದ್ದಿನದು, ಅದೇ ಎಂದಳು. ಇಬ್ಬರಿಗೂ ನಗು ಬಂತು. ನಗುತ್ತಲೇ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಹೋಗಿ, ಮಿಷನ್ ತುಳೀರಿ."

ಹೊಲಿಯಲು ಏನೂ ಸಿದ್ಧವಿರಲಿಲ್ಲ. ಅವನು ನೆಲದ ಮೇಲಿಂದ ಒಂದು ಚಿಂದಿ ಹೆಕ್ಕಿ ಸೂಜಿಯ ಕೆಳಗಿಟ್ಟು ತುಳಿಯತೊಡಗಿದ. ಮೇಲೆ ರಾಗ ಮೊದಲಿನಿಂದ ಶುರುವಾಯಿತು. ಹಲಗೆಯ ಸಂದಿಯಿಂದ ಸಣ್ಣ ಧೂಳು ಇಳಿದು ಬೆಳಕಿನ ಗೆರೆಯಲ್ಲಿ ತೇಲುತ್ತಿತ್ತು. ಸ್ವರಗಳು ಏರಿದವು, ತುದಿಯ ಹತ್ತಿರ ಬಂದವು, ನಿಂತವು. ಒಂದಿಂಚು ಕಾಲು ನಿಲ್ಲಿಸಿದ. ಸೂಜಿ ಚಿಂದಿಯಲ್ಲಿ ನೆಟ್ಟಂತೆಯೇ ನಿಂತಿತು.

ಅದು ಅವಳಿಗೆ ಕೇಳಿಸಿತು. ರಾಗ ಮುಂದೆ ಹೋಯಿತು.