ಐದೂ ಪಾಸು, ಒಟ್ಟಿಗೆ ಫೇಲು

ಬೆಳಗಿನ ಐದು ಗಂಟೆ. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಈ ಸಣ್ಣ ಊರಿನ ಶಾಲೆಯ ಅಡುಗೆಮನೆಯಲ್ಲಿ ವರ್ಲೀನ್ ಟಿಬ್ಸ್ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಬಿಸ್ಕೆಟ್-ಗ್ರೇವಿಗೆ, ಅಂದರೆ ಗಸಿಯೊಂದಿಗೆ ತಿನ್ನುವ ಮೆತ್ತನೆಯ ಬನ್ನಿಗೆ, ಹಿಟ್ಟು ನಾದುತ್ತಿದ್ದಾರೆ. ಏಳೂವರೆಗೆ ಬಸ್ಸುಗಳು ಬರುವಷ್ಟರಲ್ಲಿ ನಾನೂರ ಹತ್ತು ಮಕ್ಕಳ ತಿಂಡಿ ಸಿದ್ಧವಾಗಬೇಕು. ಇಪ್ಪತ್ತೆರಡು ವರ್ಷಗಳಿಂದ ಇದೇ ಕೆಲಸ.

ವರ್ಲೀನ್‌ಗೆ ಈಗ ಐವತ್ತೊಂದು. ಹತ್ತನೇ ತರಗತಿಯಲ್ಲಿದ್ದಾಗ ತಾಯಿಗೆ ಲಕ್ವ ಹೊಡೆಯಿತು. ನಾಲ್ಕು ಜನ ತಮ್ಮ-ತಂಗಿಯರ ಜವಾಬ್ದಾರಿ ಇವರ ಹೆಗಲೇರಿತು, ಓದು ನಿಂತಿತು. ಕಳೆದ ವರ್ಷ ಅಡುಗೆಮನೆಯ ಮೇಲ್ವಿಚಾರಕಿ ನಿವೃತ್ತಿಯ ಮಾತೆತ್ತಿದಾಗ ಎಲ್ಲರೂ ಇವರತ್ತ ನೋಡಿದರು. ಆದರೆ ಆ ಹುದ್ದೆಗೆ ಹೈಸ್ಕೂಲು ಮುಗಿಸಿದ ಪ್ರಮಾಣಪತ್ರ ಬೇಕು. ಸರಿ, ಸಂಜೆ ಗ್ರಂಥಾಲಯದಲ್ಲಿ ಪಾಠ ಕೇಳಿ ಹೈಸ್ಕೂಲ್ ಸಮಾನ ಪರೀಕ್ಷೆಗೆ ಕೂತರು.

ಫಲಿತಾಂಶ ಫೋನಿಗೆ ಬಂದದ್ದು ತಿಂಡಿಯ ಗಡಿಬಿಡಿಯಲ್ಲಿ. ಓದು ಹತ್ತು, ಬರವಣಿಗೆ ಒಂಬತ್ತು, ವಿಜ್ಞಾನ ಒಂಬತ್ತು, ಸಮಾಜ ಎಂಟು, ಗಣಿತ ಎಂಟು. ಐದರ ಮುಂದೆಯೂ 'ಪಾಸು'. ಅಡುಗೆಮನೆಯೆಲ್ಲ ಕೇಕೆ. ಕೆಳಗಿನ ಸಾಲು ಕಂಡದ್ದು ಆಮೇಲೆ: ಒಟ್ಟು ನಲವತ್ತನಾಲ್ಕು, ಉತ್ತೀರ್ಣರಲ್ಲ.

"ಎಲ್ಲದ್ರಲ್ಲೂ ಪಾಸಾದ್ರೂ ಪಾಸಿಲ್ಲ ಅಂದ್ರೆ ಏನರ್ಥ?"

ಪಾತ್ರೆ ತೊಳೆಯುವ ಲೊರೇಟಾ ಇಣುಕಿದರು. "ಕಂಪ್ಯೂಟರ್‌ಗೆ ತಲೆ ಕೆಟ್ಟಿದೆ ಕಣೇ. ನಾನಾಗಿದ್ರೆ ಜಗಳಕ್ಕೇ ಹೋಗ್ತಿದ್ದೆ."

ಸಂಜೆ ಪಾಠದ ಮಿಸ್ ಹಾಲ್ಬರ್ಟ್ ತಾಳ್ಮೆಯಿಂದ ಬಿಡಿಸಿ ಹೇಳಿದರು: ಪ್ರತಿ ವಿಷಯದಲ್ಲೂ ಎಂಟು ಬರಬೇಕು, ಜೊತೆಗೆ ಒಟ್ಟು ಕನಿಷ್ಠ ನಲವತ್ತೈದು ಆಗಬೇಕು.

ವರ್ಲೀನ್ ಬೆರಳು ಮಡಚಿದರು. "ಐದೆಂಟ್ಲಿ ನಲವತ್ತು. ಎಂಟು ಸಾಕು ಅಂದೋರೇ ಈಗ ಸಾಲಲ್ಲ ಅಂತಾರಲ್ಲ!"

ಒಂದೇ ವಿಷಯ ಮತ್ತೆ ಬರೆದರೆ ಸಾಕಿತ್ತು, ಕಡಿಮೆ ಬಂದಿದ್ದ ಗಣಿತವನ್ನೇ ಬರೆದರು. ಬಂದದ್ದು ಏಳು! ಇದ್ದದ್ದೂ ಹೋಯಿತೆಂದು ಹಿಟ್ಟಿನ ಕೋಣೆಯಲ್ಲಿ ಕೂತು ಅತ್ತರು. ಹೋಗಿರಲಿಲ್ಲ, ಎರಡರಲ್ಲಿ ಹೆಚ್ಚಿನದೇ ಲೆಕ್ಕಕ್ಕೆ ಬರುತ್ತದೆ, ಹಳೆಯ ಎಂಟು ಹಾಗೇ ಇದೆ ಎಂದರು ಟೀಚರ್. "ನಿಮಗೆ ಸುಲಭವಾದದ್ದನ್ನ ಬರೀರಿ, ಮಿಸ್ ವರ್ಲೀನ್. ಓದಿನ ಪತ್ರಿಕೆ."

"ಚೆನ್ನಾಗಿ ಪಾಸಾದದ್ದನ್ನೇ ಮತ್ತೆ ಬರೀಬೇಕಾ?"

"ಎಲ್ಲಿಂದ ಬಂದ್ರೂ ಅಂಕ ಅಂಕವೇ."

ಅರ್ಥವಾಗದಿದ್ದರೂ ನಂಬಿ ಬರೆದರು. ಈ ಸಲ ಓದಿನಲ್ಲಿ ಹನ್ನೆರಡು, ಒಟ್ಟು ನಲವತ್ತಾರು. ಉತ್ತೀರ್ಣ.

"ಇದು ಎಷ್ಟಕ್ಕೆ?" ಎಂದು ಟೀಚರ್‌ಗೆ ಫೋನು ಮಾಡಿ ಕೇಳಿದರು. ನೂರಕ್ಕೆ ಎಂಬ ಉತ್ತರ ಕೇಳಿ ಮತ್ತೆ ಗೊಂದಲ. "ನೂರಕ್ಕೆ ನಲವತ್ತಾರು ತಂದ್ರೆ ನನ್ನ ಮಕ್ಕಳಿಗೆ ನಾನೇ ಬೈತಿದ್ದೆ."

ಮೇಲ್ವಿಚಾರಕಿ ಹುದ್ದೆಯ ಸಂದರ್ಶನ ಮುಂದಿನ ತಿಂಗಳು. ಸಿಗುತ್ತದೆಯೇ ಎಂದರೆ ವರ್ಲೀನ್ ಭುಜ ಕುಣಿಸುತ್ತಾರೆ. ಮೊನ್ನೆ ಲೊರೇಟಾ ಮೆಲ್ಲಗೆ ಬಂದು, ತಾನೂ ಪರೀಕ್ಷೆಗೆ ಹೆಸರು ಕೊಡಲೇ ಎಂದು ಕೇಳಿದರಂತೆ.

"ಕೊಡು ಅಂದೆ. ಪಾಠ ಹೇಳ್ಕೊಡೋಕೆ ನಂಗೆ ಬರಲ್ಲ. ಆದ್ರೆ ಫಲಿತಾಂಶ ಬಂದ ದಿನ ಪಕ್ಕದಲ್ಲಿ ಕೂತ್ಕೋತೀನಿ, ಕೆಳಗಿನ ಸಾಲು ಮೊದಲು ನೋಡು ಅಂತ ಹೇಳೋಕೆ."