ಮಾವನ ಕನ್ನಡಕ

ಹೊನ್ನಾವರದ ಕಣ್ಣಿನ ಡಾಕ್ಟರು ಹೊಸ ಕನ್ನಡಕ ತೊಡಿಸಿದ ಕೂಡಲೇ ಅತ್ತೆ ನನ್ನನ್ನೇ ದಿಟ್ಟಿಸಿದರು. "ನಿನ್ನ ಕೂದ್ಲು ಇಷ್ಟು ಬೆಳ್ಳಗೆ ಯಾವಾಗ ಆತೇ?" ಎಂದು ಕೇಳಿದರು.

ನಾನು ತಬ್ಬಿಬ್ಬಾದೆ. ಮಾವ ತೀರಿಕೊಂಡಾಗ, ಅವರ ಕನ್ನಡಕ ಗಟ್ಟಿಯಾಗಿಯೇ ಇದೆ, ಹೊಸದಕ್ಕೆ ಯಾಕೆ ಖರ್ಚು ಎಂದು ಅತ್ತೆಗೆ ಕೊಟ್ಟವಳು ನಾನೇ. ನಾಲ್ಕು ವರ್ಷ ಅವರು ಅದನ್ನೇ ಹಾಕಿಕೊಂಡು ಅಕ್ಕಿಯ ಕಲ್ಲನ್ನು ಬೆರಳಲ್ಲಿ ತಡವಿ ಹುಡುಕುತ್ತಿದ್ದರು.

"ಕಾಣೂದಿಲ್ಲ ಅಂತ ಎಂತಕ್ಕೆ ಹೇಳಲಿಲ್ಲ, ಅತ್ತೆ?" ಎಂದೆ.

"ನೀ ಒಂದೊಂದು ರೂಪಾಯಿ ಉಳಸೂಕೆ ಒದ್ದಾಡ್ತಿದ್ದೆ. ಹೇಳೂಕೆ ಮನಸು ಬರ್ಲಿಲ್ಲ."

ಆ ನಾಲ್ಕು ವರ್ಷಗಳಲ್ಲೇ ನನ್ನ ಮಗಳ ಮದುವೆಯೂ ಆಗಿತ್ತು. ಮದುಮಗಳಾದ ಮೊಮ್ಮಗಳನ್ನು ಅತ್ತೆ ಕಂಡದ್ದು ಮಸುಕಾಗಿಯೇ. ಅಂದು ಮನೆಗೆ ಬಂದವರೇ ಅವರು ಮದುವೆಯ ಆಲ್ಬಮ್ ತೆರೆದು ಕುಳಿತರು. ಆ ಕೋಣೆಯಲ್ಲಿ ನಿಲ್ಲಲು ನನ್ನಿಂದಾಗಲಿಲ್ಲ.